ಬಂಪರಿಗೆ ಕಟ್ಟಿದ ಹಗ್ಗ: ಸಮಕಾಲೀನ ಕಲೆಯನ್ನು ಕನ್ನಡದಲ್ಲಿ ಅಧ್ಯಯನ ಮಾಡುವ ಬಗೆ

(ಬೆಂಗಳೂರಿನಲ್ಲಿ ಕಲಾ ಇತಿಹಾಸದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಪರಿಷ್ಕೃತ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜೆ.ಸಿ. ರಸ್ತೆಯಿಂದ ಮಾತು ಆರಂಭಿಸುತ್ತೇನೆ. ಆ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವಿದೆ, ಅದರ ಪಕ್ಕದ ಕನ್ನಡ ಭವನದಲ್ಲಿ ಕರ್ನಾಟಕ ಲಲಿತಕಲಾ ಅಕಾಡೆಮಿ ಇದೆ. ಅದೇ ರಸ್ತೆಯ ಉದ್ದಕ್ಕೂ ಕಾರು, ಲಾರಿಗಳ ಬಿಡಿಭಾಗ ಮಾರುವ ಅಂಗಡಿಗಳಿವೆ. ಕಳೆದ ವರ್ಷ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಅವರಿಗೆ ಕೊಟ್ಟ ಕೆಲಸ ಇಷ್ಟೇ: ಅಕಾಡೆಮಿಯ ಮೆಟ್ಟಿಲು ಹತ್ತುವ ಮುನ್ನ, ಸರಕು ಇಳಿಸಲು ನಿಂತ ಯಾವುದಾದರೊಂದು ಟೆಂಪೊದ ಬಂಪರಿಗೆ ಕಟ್ಟಿದ ಕಪ್ಪು ಹಗ್ಗವನ್ನು ಹದಿನೈದು ನಿಮಿಷ ನೋಡಬೇಕು, ನೋಡಿದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆಯಬೇಕು.

ಬಹುತೇಕರು ಮೊದಲ ಸಾಲಿನಲ್ಲೇ ‘ಇದು ಗಾಡಿಗೆ ದೃಷ್ಟಿಯಾಗದಿರಲೆಂದು ಕಟ್ಟುವ ಹಗ್ಗ’ ಎಂದು ಬರೆದು, ಉಳಿದ ಪುಟವನ್ನು ನಂಬಿಕೆ ಮತ್ತು ಮೂಢನಂಬಿಕೆಯ ಚರ್ಚೆಯಿಂದ ತುಂಬಿಸಿದ್ದರು. ಒಬ್ಬಳು ಮಾತ್ರ ಬೇರೆ ರೀತಿಯಲ್ಲಿ ಬರೆದಿದ್ದಳು. ಅವಳ ಬರಹದಲ್ಲಿ ಹಗ್ಗ ನೂಲಿನದಲ್ಲ, ಕೂದಲಿನದು. ಹೊಸೆದ ಎಳೆಗಳ ನಡುವಿನಿಂದ ತುಂಡುಕೂದಲು ಮುಳ್ಳಿನಂತೆ ಹೊರಚಾಚಿದೆ. ಬಿಸಿಲು ಬಿದ್ದ ಕಡೆ ಕಪ್ಪು ಕಂದಾಗಿದೆ. ಕೆಳಭಾಗದಲ್ಲಿ ಒಣಗಿದ ಕೆಸರು ಹರಳುಗಟ್ಟಿದೆ. ಗಂಟು ಬಿದ್ದ ಜಾಗದಲ್ಲಿ ಹಗ್ಗ ಅಲುಗಾಡಿ ಅಲುಗಾಡಿ ಬಂಪರಿನ ಬಣ್ಣ ಒಂದು ಬೆರಳಿನಷ್ಟು ಅಗಲ ಸವೆದಿದೆ. ಕೊನೆಯಲ್ಲಿ ಅವಳು ಒಂದು ಪ್ರಶ್ನೆಯನ್ನು ಇಟ್ಟಿದ್ದಳು: ‘ಇದು ಯಾರ ಕೂದಲು?’

ಈ ಪ್ರಶ್ನೆಯಿಂದಲೇ ಸಮಕಾಲೀನ ಕಲೆಯ ಅಧ್ಯಯನ ಆರಂಭವಾಗುತ್ತದೆ ಎಂಬುದು ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು. ಏಕೆಂದರೆ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಆರ್.ಎಂ. ಹಡಪದ ಅವರು ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಈ ಊರಿನಲ್ಲೇ ನೆಲೆಸಿ ಕೆಲಸ ಮಾಡುತ್ತಿರುವ ಶೀಲಾ ಗೌಡ ಅವರು ಇದೇ ಹಗ್ಗದಿಂದ 2009ರಲ್ಲಿ ‘ಬಿಹೋಲ್ಡ್’ ಎಂಬ ಕೃತಿಯನ್ನು ರಚಿಸಿದರು. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ, ಅದರಿಂದ ಗೋಡೆಗೆ ತೂಗುಬಿಟ್ಟ ಇಪ್ಪತ್ತು ಕಾರು ಬಂಪರುಗಳು. ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ ಆ ವರ್ಷ ಅದು ಪ್ರದರ್ಶನಗೊಂಡಿತು; ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ರಸ್ತೆಯಲ್ಲಿ ಬಂಪರು ಹಗ್ಗವನ್ನು ಹೊರುತ್ತದೆ. ಕೃತಿಯಲ್ಲಿ ಹಗ್ಗವೇ ಬಂಪರನ್ನು ಹೊರುತ್ತದೆ. ದೇವಸ್ಥಾನದಲ್ಲಿ ಯಾರೋ ಹರಕೆ ಹೊತ್ತು ಮುಡಿ ಕೊಟ್ಟ ಕೂದಲು, ಹೊಸೆದ ಹಗ್ಗವಾಗಿ, ಮಾರಾಟದ ಸರಕಾಗಿ, ಗಾಡಿಯನ್ನು ಕಾಯುವ ರಕ್ಷೆಯಾಗಿ, ಕೊನೆಗೆ ಉಕ್ಕಿನ ಭಾರವನ್ನು ಎತ್ತಿ ಹಿಡಿಯುವ ವಸ್ತುವಾಗಿ ಅಲ್ಲಿ ನಿಂತಿದೆ.

ಈಗ ಇಬ್ಬರು ನೋಡುಗರನ್ನು ಕಲ್ಪಿಸಿಕೊಳ್ಳಿ. ವೆನಿಸ್ಸಿನ ಪ್ರೇಕ್ಷಕನಿಗೆ ಈ ಹಗ್ಗದ ಬಳಕೆ ತಿಳಿಯದು. ಅವನು ಗೋಡೆಯ ಮೇಲೆ ಜೋತುಬಿದ್ದ ಕಪ್ಪು ಸುರುಳಿಗಳನ್ನು ರೇಖೆಗಳಂತೆ, ಜಾಗದಲ್ಲಿ ಎಳೆದ ಚಿತ್ರದಂತೆ ನೋಡುತ್ತಾನೆ. ಬೆಂಗಳೂರಿನ ಪ್ರೇಕ್ಷಕಿ ಅದನ್ನು ಕಂಡ ಕೂಡಲೇ ‘ಓ, ಇದು ಲಾರಿಗೆ ಕಟ್ಟುವುದಲ್ಲವೇ’ ಎನ್ನುತ್ತಾಳೆ. ನಮ್ಮವಳಿಗೆ ಹೆಚ್ಚು ಗೊತ್ತಿದೆ ಎಂದು ಹೆಮ್ಮೆಪಡಲು ನನಗೂ ಆಸೆಯೇ. ಆದರೆ ಗೊತ್ತಿರುವುದೇ ಅವಳ ನೋಟವನ್ನು ಅಲ್ಲಿಗೆ ನಿಲ್ಲಿಸಿಬಿಡಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಬಹುತೇಕರಿಗೆ ಆದದ್ದೂ ಅದೇ. ತೀರ ಪರಿಚಿತವಾದದ್ದನ್ನು ಮತ್ತೊಮ್ಮೆ ಅಪರಿಚಿತವೆಂಬಂತೆ ನೋಡುವುದಕ್ಕೂ, ಆ ನೋಟ ನೆಲದ ತಿಳಿವಳಿಕೆಯಿಂದ ಕಳಚಿಕೊಳ್ಳದಂತೆ ಹಿಡಿದಿಡುವುದಕ್ಕೂ ಬೇಕಾದ ಸಲಕರಣೆಯನ್ನೇ ನಾವು ಸಿದ್ಧಾಂತ ಎಂದು ಕರೆಯುತ್ತೇವೆ.

ಸಿದ್ಧಾಂತವೆಂದರೆ ಪಶ್ಚಿಮದಿಂದ ಬಂದ ಕಷ್ಟದ ಪದಗಳು ಎಂಬ ಭಾವನೆ ನಮ್ಮಲ್ಲಿದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ಒಂದು ಪ್ರಸಿದ್ಧ ಶ್ಲೋಕವಿದೆ: ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ವಿಚಕ್ಷಣರು ನೆರಳು-ಬೆಳಕಿನ ವರ್ತನೆಯನ್ನು, ಹೆಂಗಸರು ಆಭರಣವನ್ನು, ‘ಇತರೇ ಜನಾಃ’, ಅಂದರೆ ಉಳಿದ ಮಂದಿ, ಬಣ್ಣದ ಸಮೃದ್ಧಿಯನ್ನು ಬಯಸುತ್ತಾರೆ ಎಂದು ಅದು ಹೇಳುತ್ತದೆ. ಇದನ್ನು ಪ್ರಾಚೀನರ ಜಾಣ್ಮೆ ಎಂದು ತಲೆದೂಗಿ ಮುಂದೆ ಹೋಗುವುದು ಸುಲಭ. ಆದರೆ ಸಮಕಾಲೀನ ವಿಮರ್ಶೆಯ ವಿದ್ಯಾರ್ಥಿಯಾದವನು ಇಲ್ಲಿ ನಿಲ್ಲಬೇಕು. ಒಂದೇ ಚಿತ್ರದ ಮುಂದೆ ನಾಲ್ಕು ಬಗೆಯ ನೋಡುಗರನ್ನು ನಿಲ್ಲಿಸಿ, ಅವರನ್ನು ಮೇಲು-ಕೀಳಾಗಿ ಜೋಡಿಸಿದವರು ಯಾರು? ಹೆಣ್ಣಿನ ಕಣ್ಣು ಆಭರಣದ ಆಚೆಗೆ ಹೋಗದೆಂದು ತೀರ್ಮಾನಿಸಿದ್ದು ಯಾವ ಅನುಭವದಿಂದ? ‘ಉಳಿದ ಮಂದಿ’ಯಲ್ಲಿ ಆ ಬಣ್ಣವನ್ನು ಅರೆದವನೂ ಇದ್ದನೇ? ಹೀಗೆ ಕೇಳುವುದರಿಂದ ಶ್ಲೋಕದ ಘನತೆ ಕುಗ್ಗುವುದಿಲ್ಲ. ನೋಡುವ ಕ್ರಿಯೆಗೆ ಸಾಮಾಜಿಕ ಸ್ಥಾನವಿದೆ ಎಂಬ ಅರಿವು ಅದರಲ್ಲೇ ಇದೆ. ಆ ಅರಿವನ್ನು ಅದು ಹೇಳಿದ ದಿಕ್ಕಿಗೆ ಎದುರಾಗಿ ತಿರುಗಿಸುವುದು ನಮ್ಮ ಕೆಲಸ. ಅಮೆರಿಕದ ತತ್ವಜ್ಞಾನಿ ಆರ್ಥರ್ ಡಾಂಟೊ 1964ರ ತಮ್ಮ ಪ್ರಬಂಧದಲ್ಲಿ, ಅಂಗಡಿಯ ಪೆಟ್ಟಿಗೆಗೂ ಕಲಾವಿದ ಆಂಡಿ ವಾರ್ಹಾಲ್ ಮಾಡಿದ ಅಂಥದೇ ಪೆಟ್ಟಿಗೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲದಿರುವಾಗ ಒಂದು ಕಲೆಯಾಗುವುದು ಹೇಗೆ ಎಂದು ಕೇಳಿದಾಗ ಅವರು ಎತ್ತಿದ್ದೂ ನೋಡುಗನ ತಿಳಿವಳಿಕೆಯ ಪ್ರಶ್ನೆಯನ್ನೇ. ಇವೆರಡನ್ನೂ ಒಂದೇ ವಾರದಲ್ಲಿ ಓದಿ. ಯಾವುದು ನಮ್ಮದು, ಯಾವುದು ಹೊರಗಿನದು ಎಂಬ ಗೋಡೆ ತಾನಾಗಿಯೇ ತೆಳುವಾಗುತ್ತದೆ.

ಇನ್ನು ಪದಗಳ ವಿಚಾರ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಕನ್ನಡದಲ್ಲಿ ಈ ಅಧ್ಯಯನದ ಕಷ್ಟವೂ ಸಂಪತ್ತೂ ಇಲ್ಲೇ ಇವೆ. ಇನ್‌ಸ್ಟಲೇಶನ್, ಅಂದರೆ ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಆ ಜಾಗವನ್ನೇ ಕೃತಿಯಾಗಿಸುವ ಕಲೆ, ಎಂಬುದಕ್ಕೆ ನಾವು ಪ್ರತಿಷ್ಠಾಪನಾ ಕಲೆ ಎನ್ನುತ್ತೇವೆ. ಮೂಲ ಪದದಲ್ಲಿ ಯಂತ್ರವನ್ನು ಕೂರಿಸುವ, ನಲ್ಲಿ ಜೋಡಿಸುವ ಅರ್ಥವೂ ಇದೆ. ಕನ್ನಡದ ಪ್ರತಿಷ್ಠಾಪನೆಗೆ ಅದಕ್ಕಿಂತ ಬಹಳ ಬೇರೆಯಾದ ಪರಿವಾರವಿದೆ. ಪ್ರತಿಷ್ಠಾಪನೆ ಎಂದೊಡನೆ ಮೂರ್ತಿ, ಮುಹೂರ್ತ, ಪ್ರಾಣ ತುಂಬುವ ಕ್ರಿಯೆ, ಸುತ್ತ ಸೇರುವ ಜನ, ಎಲ್ಲವೂ ನೆನಪಿಗೆ ಬರುತ್ತವೆ. ಮಣ್ಣಿನ ಗಣಪತಿಯ ವಿಷಯದಲ್ಲಂತೂ ಪ್ರತಿಷ್ಠಾಪನೆಯ ಹಿಂದೆಯೇ ವಿಸರ್ಜನೆಯೂ ಇದೆ. ಪ್ರದರ್ಶನ ಮುಗಿದ ಮೇಲೆ ಕಳಚಿಹೋಗುವ, ಛಾಯಾಚಿತ್ರದಲ್ಲಷ್ಟೇ ಉಳಿಯುವ ಕೃತಿಗಳ ಸ್ವಭಾವವನ್ನು ಅರ್ಥಮಾಡಿಕೊಳ್ಳಲು ಈ ಜೋಡಿ ಪದಗಳಿಗಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ. ‘ಅಮೂರ್ತ’ ಎಂಬ ಪದವೂ ಹಾಗೆಯೇ. ಅದು ನಿರಾಕಾರದ ಕುರಿತ ನಮ್ಮ ಹಳೆಯ ಚರ್ಚೆಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ, ಆದ್ದರಿಂದ ಒಂದು ಜ್ಯಾಮಿತಿಯ ಚಿತ್ರವನ್ನು ಅಮೂರ್ತ ಎಂದು ಕರೆಯುವಾಗ ನಾವು ಅರಿಯದೆಯೇ ಅದಕ್ಕೆ ಅಧ್ಯಾತ್ಮದ ಬಣ್ಣ ಹಚ್ಚುತ್ತಿರುತ್ತೇವೆ. ಈ ಎಚ್ಚರ ಇಂಗ್ಲಿಷಿನಲ್ಲಿ ಓದುವವನಿಗೆ ಬೇಕಾಗುವುದಿಲ್ಲ, ನಮಗೆ ಬೇಕು.

ಈ ಎಚ್ಚರ ನನಗೆ ಬಂದದ್ದು ತಪ್ಪು ಮಾಡಿದ ಮೇಲೆ. ಹಲವು ವರ್ಷಗಳ ಹಿಂದೆ ನಗರದ ಒಂದು ಗ್ಯಾಲರಿಯಲ್ಲಿ ನಾಲ್ವರು ಯುವ ಕಲಾವಿದರ ಪ್ರದರ್ಶನವನ್ನು ಕ್ಯುರೇಟ್ ಮಾಡಿದ್ದೆ, ಅಂದರೆ ಕೃತಿಗಳನ್ನು ಆರಿಸಿ ಜೋಡಿಸುವ ಹೊಣೆ ಹೊತ್ತಿದ್ದೆ. ಗೋಡೆಯ ಬರಹವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಕನ್ನಡಕ್ಕೆ ತಂದು, ಎರಡನ್ನೂ ಪಕ್ಕಪಕ್ಕದಲ್ಲಿ ಅಂಟಿಸಿದ್ದೆ. ಉದ್ಘಾಟನೆಯ ಹಿಂದಿನ ಸಂಜೆ, ಬಾಗಿಲಲ್ಲಿ ಕೂರುತ್ತಿದ್ದ ಕಾವಲುಗಾರರು ಒಳಗೆ ಬಂದು ಕನ್ನಡದ ಪಟ್ಟಿಯನ್ನು ಪೂರ್ತಿ ಓದಿ, ‘ಮೇಡಂ, ನಗರದಲ್ಲಿ ಕಲಾವಿದನ ಹಸ್ತಕ್ಷೇಪ ಅಂತ ಬರ್ದಿದೀರಲ್ಲ, ಇವರು ಯಾರ ಕೆಲಸದಲ್ಲಿ ಕೈ ಹಾಕಿದ್ರು?’ ಎಂದು ಕೇಳಿದರು. ಅವರು ತಮಾಷೆಗೆ ಕೇಳಿರಲಿಲ್ಲ. ಇಂಗ್ಲಿಷಿನ ‘ಇಂಟರ್‌ವೆನ್ಶನ್’ ಪದವನ್ನು ನಾನು ಹಾಗೆ ಕನ್ನಡಕ್ಕೆ ತಂದಿದ್ದೆ. ಕನ್ನಡದಲ್ಲಿ ಹಸ್ತಕ್ಷೇಪವೆಂದರೆ ಬೇಡದ ಕಡೆ ಮೂಗು ತೂರಿಸುವುದು. ರಾಜಕಾರಣಿಯ ಹಸ್ತಕ್ಷೇಪ, ಪೊಲೀಸರ ಹಸ್ತಕ್ಷೇಪ ಎಂದು ನಾವು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ಕಲಾವಿದ ಮಾಡಿದ್ದೇನೆಂದರೆ, ಬತ್ತಿದ ಕೆರೆಯೊಂದರ ಅಂಚಿನಲ್ಲಿ ಹಳೆಯ ನೀರಿನ ಮಟ್ಟವನ್ನು ಸುಣ್ಣದ ಗೆರೆಯಿಂದ ಗುರುತಿಸಿ ಅದರ ಛಾಯಾಚಿತ್ರ ತೆಗೆದದ್ದು. ಅದನ್ನು ಹಾಗೆಯೇ ಬರೆಯಬಹುದಿತ್ತು. ಆ ರಾತ್ರಿ ಕುಳಿತು ಕನ್ನಡದ ಬರಹವನ್ನು ಮೊದಲಿನಿಂದ ಬರೆದೆ. ಇಂಗ್ಲಿಷಿನದನ್ನು ಅದರಿಂದ ಅನುವಾದಿಸಿದೆ. ಎರಡನೆಯ ಬಾರಿಗೆ ಇಂಗ್ಲಿಷ್ ಬರಹವೂ ಮೊದಲಿಗಿಂತ ಸ್ಪಷ್ಟವಾಗಿತ್ತು.

ಪತ್ರಿಕಾ ವಿಮರ್ಶೆಯ ಬಗ್ಗೆಯೂ ಇದೇ ನನ್ನ ಕಳಕಳಿ. ‘ಕಲಾವಿದರ ಕುಂಚದಲ್ಲಿ ಅರಳಿದ ಕೃತಿಗಳು ಕಣ್ಮನ ಸೆಳೆಯುತ್ತವೆ’, ‘ಬಣ್ಣಗಳ ಸಂಯೋಜನೆ ಅದ್ಭುತವಾಗಿ ಮೂಡಿಬಂದಿದೆ’ ಎಂಬ ಸಾಲುಗಳನ್ನು ಯಾವ ಪ್ರದರ್ಶನಕ್ಕೆ ಬೇಕಾದರೂ ಅಂಟಿಸಬಹುದು. ಕನ್ನಡದ ಸಾಹಿತ್ಯ ವಿಮರ್ಶೆ ಒಂದು ಪದ್ಯದ ಒಂದು ಪದವನ್ನು ಹಿಡಿದು ಪುಟಗಟ್ಟಲೆ ವಾದ ಮಾಡಬಲ್ಲಷ್ಟು ಪಳಗಿದೆ. ಯಕ್ಷಗಾನದ ಪ್ರೇಕ್ಷಕರು ಒಬ್ಬ ಭಾಗವತರ ಏರುಶ್ರುತಿಯನ್ನು ಇನ್ನೊಬ್ಬರದರೊಂದಿಗೆ ತೂಗಿ ರಾತ್ರಿಯಿಡೀ ಚರ್ಚಿಸಬಲ್ಲರು. ದೃಶ್ಯಕಲೆಯ ಬಗ್ಗೆ ನಮ್ಮ ಸಾರ್ವಜನಿಕ ಬರವಣಿಗೆಗೆ ಆ ಬಿಗಿ ಬಂದಿಲ್ಲ. ಶಿವರಾಮ ಕಾರಂತರಂಥವರು ಕನ್ನಡದಲ್ಲಿ ಚಿತ್ರ-ಶಿಲ್ಪಗಳ ಬಗ್ಗೆ ದೊಡ್ಡ ಪ್ರಮಾಣದಲ್ಲಿ ಬರೆದು ದಾರಿ ಹಾಕಿಕೊಟ್ಟಿದ್ದರೂ, ಇಂದಿನ ಕಲೆಯ ಬಗ್ಗೆ ಗಂಭೀರವಾಗಿ ಬರೆಯುವವರಲ್ಲಿ ಹೆಚ್ಚಿನವರು, ಮನೆಯಲ್ಲಿ ಕನ್ನಡ ಮಾತನಾಡುವವರೂ ಸೇರಿದಂತೆ, ಇಂಗ್ಲಿಷನ್ನೇ ಆಶ್ರಯಿಸಿದ್ದಾರೆ. ನಾನು ಅವರನ್ನು ದೂರುತ್ತಿಲ್ಲ. ಪ್ರಕಟಿಸುವವರು, ಸಂಭಾವನೆ ಕೊಡುವವರು ಅಲ್ಲಿಯೇ ಇದ್ದಾರೆ. ಆದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯನ್ನು ತುಂಬುವ ಜನಸಾಗರವನ್ನು ನೋಡಿದಾಗಲೆಲ್ಲ, ಇವರಲ್ಲಿ ಎಷ್ಟು ಮಂದಿಗೆ ಮರುದಿನ ಓದಲು ಒಂದು ಒಳ್ಳೆಯ ಕನ್ನಡ ವಿಮರ್ಶೆ ಸಿಗುತ್ತದೆ ಎಂಬ ಸಂಕಟ ನನ್ನನ್ನು ಬಿಡುವುದಿಲ್ಲ.

ಕ್ಯುರೇಟರ್ ಎಂಬ ಪದಕ್ಕೆ ಒಪ್ಪಿತವಾದ ಕನ್ನಡ ಪದ ಇನ್ನೂ ನಿಂತಿಲ್ಲ. ಸಂಯೋಜಕ, ನಿರ್ವಾಹಕ ಎಂದೆಲ್ಲ ಬಳಸುತ್ತಾರೆ, ನಾನು ಕ್ಯುರೇಟರ್ ಎಂದೇ ಉಳಿಸಿಕೊಂಡಿದ್ದೇನೆ. ಲ್ಯಾಟಿನ್ನಿನಲ್ಲಿ ಅದರ ಬೇರು ಆರೈಕೆ ಎಂಬ ಅರ್ಥದ್ದು, ಮತ್ತು ಆ ಅರ್ಥ ಇಂದಿಗೂ ಕೆಲಸದಲ್ಲಿ ಜೀವಂತವಾಗಿದೆ. ಕಾಗದದ ಮೇಲಿನ ಜಲವರ್ಣಕ್ಕೆ ಬೆಳಕು 50 ಲಕ್ಸ್ ಮೀರಬಾರದು ಎಂಬುದು ವಸ್ತುಸಂಗ್ರಹಾಲಯಗಳು ಪಾಲಿಸುವ ಸಾಮಾನ್ಯ ನಿಯಮ; ಎರವಲು ತಂದ ಕೃತಿಯ ಪೆಟ್ಟಿಗೆ ತೆರೆದೊಡನೆ ಅದರ ಪ್ರತಿಯೊಂದು ಗೀರು, ಮಡಿಕೆ, ಬೂಷ್ಟಿನ ಚುಕ್ಕೆಯನ್ನು ಬರೆದಿಡಬೇಕು; ಚಿತ್ರದ ನಡುಭಾಗ ನಿಂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಹೆಚ್ಚುಕಡಿಮೆ ಐದು ಅಡಿಗೆ, ಬರುವಂತೆ ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿ ಮೊಳೆ ಹೊಡೆಯಬೇಕು. ಐದು ಅಡಿ ಎಂಬುದು ಯಾರ ಕಣ್ಣಿನ ಮಟ್ಟ ಎಂದು ಇಲ್ಲೂ ಕೇಳಬೇಕಾಗುತ್ತದೆ. ಶಾಲೆಯ ಮಕ್ಕಳು ಹೆಚ್ಚಾಗಿ ಬರುವ ಪ್ರದರ್ಶನಕ್ಕೆ ನಾನು ಮೊಳೆಯನ್ನು ಒಂದು ಗೇಣು ಕೆಳಗೆ ಹೊಡೆಸಿದ್ದೇನೆ.

ಆರೈಕೆಯ ಈ ಕೆಲಸ ವಾದ ಮಂಡನೆಯ ಕೆಲಸವೂ ಆಗಿ ಬೆಳೆದ ಕಥೆ ದೊಡ್ಡದು. 1969ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹೆರಾಲ್ಡ್ ಝೀಮಾನ್ ಏರ್ಪಡಿಸಿದ ಪ್ರದರ್ಶನವನ್ನು ಅದರ ತಿರುವು ಎಂದು ಪಠ್ಯಗಳು ಹೇಳುತ್ತವೆ; ಅದನ್ನು ನೀವು ಓದಿಯೇ ಓದುತ್ತೀರಿ. ನನಗೆ ಅದಕ್ಕಿಂತ ಮುಖ್ಯವಾದದ್ದು ಕ್ಯುರೇಟರ್ ಓಕ್ವಿ ಎನ್ವೇಜರ್ ಅವರ 2002ರ ಡಾಕ್ಯುಮೆಂಟಾ. ಜರ್ಮನಿಯ ಕಾಸೆಲ್‌ನಲ್ಲಿ ನಡೆಯುವ ಆ ಪ್ರದರ್ಶನದ ಒಂದು ಚರ್ಚಾ ವೇದಿಕೆಯನ್ನು ಅವರು ಅದರ ಹಿಂದಿನ ವರ್ಷ ನವದೆಹಲಿಯಲ್ಲಿ ನಡೆಸಿ, ಪ್ರದರ್ಶನವೆಂದರೆ ಒಂದು ಊರಿನ ಒಂದು ಕಟ್ಟಡ ಎಂಬ ಕಲ್ಪನೆಯನ್ನೇ ಸಡಿಲಿಸಿದರು. 2022ರಲ್ಲಿ ಅದೇ ಡಾಕ್ಯುಮೆಂಟಾವನ್ನು ಇಂಡೊನೇಷ್ಯಾದ ರುಆಂಗ್ರುಪ ಬಳಗ ವಹಿಸಿಕೊಂಡಾಗ ತಮ್ಮ ಕ್ರಮಕ್ಕೆ ‘ಲುಂಬುಂಗ್’ ಎಂದು ಹೆಸರಿಟ್ಟಿತು. ಊರಿನವರು ಮಿಕ್ಕ ಭತ್ತವನ್ನು ಒಟ್ಟುಗೂಡಿಸಿ ಇಡುವ ಜಾಗ ಅದು, ನಮ್ಮ ಕಣಜ. ಯೆಹೂದಿ ದ್ವೇಷದ ಚಿತ್ರಣವಿದೆ ಎಂಬ ತೀವ್ರ ಆಕ್ಷೇಪ ಬಂದು ಒಂದು ದೊಡ್ಡ ಕೃತಿಯನ್ನು ಅಲ್ಲಿಂದ ತೆಗೆಯಬೇಕಾಯಿತು. ಎಲ್ಲರೂ ಸೇರಿ ತುಂಬಿಸಿದ ಕಣಜದೊಳಗೆ ಬಂದದ್ದಕ್ಕೆ ಹೊಣೆ ಹೊರುವವರು ಯಾರು ಎಂಬ ಪ್ರಶ್ನೆಯನ್ನು ಆ ಘಟನೆ ಮುಂದಿಟ್ಟಿತು. ಅದಕ್ಕೆ ಸುಲಭದ ಉತ್ತರವಿದೆ ಎಂದು ನಾನು ಭಾವಿಸುವುದಿಲ್ಲ. ಸಾಮೂಹಿಕತೆಯನ್ನು ಮೆಚ್ಚುವ ನಾವು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೂಬಾರದು.

ನಮ್ಮ ಊರಿನಲ್ಲೇ 1999ರಲ್ಲಿ ಕಲಾವಿದೆ ಎನ್. ಪುಷ್ಪಮಾಲಾ ಅವರು ‘ಸ್ಥಳಪುರಾಣಗಳು’ ಎಂಬ ಹೆಸರಿನಲ್ಲಿ, ಗ್ಯಾಲರಿಯಿಂದ ಹೊರಗೆ, ನಗರದ ಸ್ಥಳಗಳಿಗೆ ಹೊಂದಿಕೊಂಡ ಕಲಾ ಯೋಜನೆಗಳನ್ನು ರೂಪಿಸಿದ್ದರು. ಒಂದು ಕ್ಷೇತ್ರ ಏಕೆ ಮಹತ್ವದ್ದು ಎಂದು ಸ್ಥಳದ ಬಾಯಿಂದಲೇ ಹೇಳಿಸುವ ಹಳೆಯ ಪ್ರಕಾರವನ್ನು ಪ್ರದರ್ಶನದ ಚೌಕಟ್ಟಾಗಿ ಬಳಸಿದ ಆ ಶೀರ್ಷಿಕೆಯನ್ನು ನಾನು ಕ್ಯುರೇಟಿಂಗ್ ಪಾಠದಲ್ಲಿ ಇಂದಿಗೂ ಮೊದಲ ಉದಾಹರಣೆಯಾಗಿ ಕೊಡುತ್ತೇನೆ. ಅದೇ ಹಾದಿಯಲ್ಲಿ ವಿಮರ್ಶಕರಿಗೆ ನಿಜವಾದ ಸವಾಲು ಒಡ್ಡಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಅವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನು ಇಟ್ಟರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಇಳಿಯುವುದನ್ನು ದೇಶವೇ ಕಾಯುತ್ತಿದ್ದಾಗ, ಹೇರೋಹಳ್ಳಿಯ ಹಾಳು ರಸ್ತೆಯಲ್ಲಿ ಗಗನಯಾತ್ರಿಯ ಉಡುಗೆ ತೊಟ್ಟ ನಟರೊಬ್ಬರನ್ನು ಚಂದ್ರನ ಮೇಲೆ ನಡೆಯುವಂತೆ ನಡೆಸಿ ಚಿತ್ರೀಕರಿಸಿದರು. ದೃಶ್ಯದೊಳಗೆ ಒಂದು ಆಟೊ ಹಾದುಹೋಗುವವರೆಗೆ ಅದು ಭೂಮಿ ಎಂದು ಗೊತ್ತಾಗುವುದಿಲ್ಲ. ಗುಂಡಿ ಮುಚ್ಚಿದ ದಿನ ಈ ಕೃತಿಗಳು ಸ್ಥಳದಿಂದ ಇಲ್ಲವಾಗುತ್ತವೆ. ಹಾಗಾದರೆ ಪಾಲಿಕೆಯ ಡಾಂಬರು ಕೃತಿಯ ಅಂತ್ಯವೋ, ಅದರ ಕೊನೆಯ ಭಾಗವೋ? ‘ವ್ಯವಸ್ಥೆಗೆ ಚಾಟಿ ಬೀಸಿದ ಕಲಾವಿದ’ ಎಂದು ಬರೆದು ಮುಗಿಸಿದರೆ ಆ ಆಟೊ ಪ್ರವೇಶಿಸುವ ಕ್ಷಣದ ಕೌಶಲ ನಮ್ಮ ಕಣ್ಣು ತಪ್ಪುತ್ತದೆ, ಮತ್ತು ಕೃತಿಯನ್ನು ಕೃತಿಯಾಗಿಸಿದ್ದು ಆ ಕ್ಷಣವೇ.

ಜಾಗಗಳ ಬಗ್ಗೆ ಒಂದು ಮಾತು. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಖಾಸಗಿ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವಿದೆ. ಕಲಾವಿದರೇ ನಡೆಸುವ 1 ಶಾಂತಿ ರಸ್ತೆಯಂಥ ಮನೆಯ ಅಳತೆಯ ತಾಣಗಳಿವೆ. ನನ್ನ ಪೀಳಿಗೆಗೆ ಮಾತ್ರ ವೆಂಕಟಪ್ಪ ಆರ್ಟ್ ಗ್ಯಾಲರಿಯೇ ತವರು. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಚಿತ್ರದಷ್ಟೇ ನಿಷ್ಠೆಯಿಂದ ವೀಣೆಯನ್ನೂ ಸಾಧಿಸಿದ ಕೆ. ವೆಂಕಟಪ್ಪನವರ ಊಟಿಯ ಭೂದೃಶ್ಯಗಳನ್ನು ಕೆಳಗೆ ನೋಡಿ, ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಮೇಲಿನ ಸಭಾಂಗಣದಲ್ಲಿ ಗೆಳೆಯರ ಮೊದಲ ಪ್ರದರ್ಶನಕ್ಕೆ ಮೊಳೆ ಹೊಡೆದವರು ನಾವು. ಆ ಗ್ಯಾಲರಿಯ ನಿರ್ವಹಣೆಯಲ್ಲಿ ಖಾಸಗಿಯವರನ್ನು ತೊಡಗಿಸುವ ಪ್ರಸ್ತಾಪವನ್ನು 2016ರಲ್ಲಿ ಕಲಾವಿದರು ಚಿತ್ರ, ಹಾಡು, ಸಭೆಗಳ ಮೂಲಕ ವಿರೋಧಿಸಿದಾಗ, ನಾವು ತರಗತಿಯಲ್ಲಿ ಸಂಸ್ಥಾ ವಿಮರ್ಶೆ ಎಂದು ಓದುವುದು, ಅಂದರೆ ಕಲಾ ಸಂಸ್ಥೆಗಳನ್ನು ಕಲಾವಿದರೇ ಪ್ರಶ್ನಿಸುವುದು, ನಮ್ಮ ಕಣ್ಣೆದುರೇ ನಡೆಯುತ್ತಿತ್ತು. ಅಚ್ಚುಕಟ್ಟಾದ ಕಟ್ಟಡ ಮತ್ತು ಹೊಸಬರಿಗೂ ಎಟಕುವ ಗೋಡೆ, ಇವೆರಡರ ನಡುವೆ ಆರಿಸಿಕೊಳ್ಳಬೇಕಾದರೆ ನಾನು ಎರಡನೆಯದರ ಪರ.

ಎಲ್ಲಿ ಓದಬೇಕು ಎಂದು ಹಲವರು ಕೇಳುತ್ತೀರಿ. ಇಲ್ಲಿಯೇ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಕಲಾ ಇತಿಹಾಸವಿದೆ. ಹೊರಗೆ ಹೋಗುವುದಾದರೆ ಬರೋಡದ ಲಲಿತಕಲಾ ವಿಭಾಗ, ದೆಹಲಿಯ ಜೆಎನ್‌ಯುವಿನ ಕಲೆ ಮತ್ತು ಸೌಂದರ್ಯಶಾಸ್ತ್ರ ಶಾಲೆ. ಎಲ್ಲಿಗೆ ಹೋದರೂ ಕನ್ನಡದಲ್ಲಿ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ.

ಕೊನೆಯದಾಗಿ, ಈ ವರ್ಷದ ಕೆಲಸ. ಹಿರಿಯ ಕಲಾವಿದರೊಬ್ಬರ ಮನೆಯವರು ನಮಗೆ ಒಂದು ತಗಡಿನ ಪೆಟ್ಟಿಗೆ ತುಂಬ ಪ್ರದರ್ಶನಗಳ ಆಮಂತ್ರಣ ಪತ್ರಿಕೆಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಬಹಳಷ್ಟು ಪತ್ರಿಕೆಗಳಲ್ಲಿ ವಾರ, ತಾರೀಖು, ಸಂಜೆಯ ಹೊತ್ತು, ಉದ್ಘಾಟಿಸುವವರ ಹೆಸರು ಎಲ್ಲ ಇವೆ, ಇಸವಿ ಇಲ್ಲ. ಕಾರ್ಡು ಕಳಿಸಿದವರಿಗೆ ಅದು ಬೇಕಾಗಿರಲಿಲ್ಲ, ಮುಂದಿನ ವಾರವಷ್ಟೇ ಅವರ ಮನಸ್ಸಿನಲ್ಲಿತ್ತು. ವಾರ ಮತ್ತು ತಾರೀಖನ್ನು ಹಳೆಯ ಪಂಚಾಂಗದೊಂದಿಗೆ ಹೊಂದಿಸಿದರೆ ಕೆಲವು ಇಸವಿಗಳಷ್ಟೇ ಉಳಿಯುತ್ತವೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ನಂತರದ್ದು. ದೂರವಾಣಿ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ ಎಂಬುದು ಇನ್ನಷ್ಟು ಹತ್ತಿರಕ್ಕೆ ತರುತ್ತದೆ. ಒಂದು ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಾಲ್ಕು ಗೋಡೆಗಳನ್ನು ಎಳೆದು, ಯಾವ ಚಿತ್ರ ಎಲ್ಲಿ ಎಂದು ಗುರುತು ಹಾಕಿ, ಬಾಗಿಲ ಪಕ್ಕದ ಚೌಕವನ್ನು ಎರಡು ಬಾರಿ ಅಳಿಸಿ ಮತ್ತೆ ಬರೆದಿದ್ದಾರೆ. ಪೆಟ್ಟಿಗೆ ನಮ್ಮ ವಿಭಾಗದ ಉದ್ದನೆಯ ಮೇಜಿನ ಮೇಲಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಕೈ ತೊಳೆದು ಒರೆಸಿಕೊಂಡು. ಆ ಅಳಿಸಿದ ಚೌಕದಿಂದಲೇ ಆರಂಭಿಸೋಣ.